ಶೋಭಾ ಅಲ್ಲ, ಶಿವಾನ್

ಪ್ರಶ್ನೆ: ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ, ಅಳಿಯ ಐರ್ಲೆಂಡಿನವರು. ಮೊಮ್ಮಗಳ ಹೆಸರು ಶಿವಾನ್. ಇಂಗ್ಲಿಷಿನಲ್ಲಿ ಬರೆಯುವುದು ಎಸ್, ಐ, ಓ, ಬಿ, ಎಚ್, ಎ, ಎನ್! ಇಲ್ಲಿ ತೊಟ್ಟಿಲು ಶಾಸ್ತ್ರದ ಕಾಗದಕ್ಕೆ ಕೊಟ್ಟರೆ ಅಚ್ಚಿನವರು ‘ಶೋಭಾ’ ಎಂದು ತಿದ್ದಿ ಕರಡು ಕಳುಹಿಸಿದರು. ಇಂಗ್ಲಿಷಿನಲ್ಲೂ ಉಚ್ಚರಿಸಿದಂತೆಯೇ ಬರೆಯಿರಿ ಎಂದು ಮಗಳಿಗೆ ಹೇಳಲೇ?
— ಒಬ್ಬ ಅಜ್ಜಿ, ತೀರ್ಥಹಳ್ಳಿ

ಉತ್ತರ: ಬೇಡಮ್ಮಾ, ಆ ಗೊಡವೆಗೆ ಹೋಗಬೇಡಿ. (ಅಚ್ಚಿನವರ ಉಪಕಾರಬುದ್ಧಿಗೆ ನಮಸ್ಕಾರ.) ನಮಗೆ ಅಡ್ಡಾದಿಡ್ಡಿಯಾಗಿ ಕಂಡರೂ ಐರಿಷ್ ಕಾಗುಣಿತಕ್ಕೆ ತನ್ನದೇ ಕಟ್ಟುನಿಟ್ಟಿದೆ. ಅದರ ಸಾಂಪ್ರದಾಯಿಕ ವರ್ಣಮಾಲೆಯಲ್ಲಿರುವುದು 18 ಅಕ್ಷರ, ‘ವಿ’ ಅದರಲ್ಲಿಲ್ಲ. ಹಾಗಾಗಿ ಬಿ ಪಕ್ಕ ಎಚ್ ಕೂತರೆ ವಕಾರ. ಐ ಮುಂದಿದ್ದರೆ ಎಸ್ ಶಕಾರವಾಗುತ್ತದೆ. ಹಿಂದೆ ಈ ಎಚ್ ಬದಲು ಅಕ್ಷರದ ನೆತ್ತಿಗೆ ಚುಕ್ಕೆ ಇಡುತ್ತಿದ್ದರು. ಐರಿಷಿನಲ್ಲಿ ಈ ಹೆಸರಿನ ಎ ಮೇಲೆ ಹಾಕುವ ಓರೆಗೀಟು ದೀರ್ಘದ ಗುರುತು. ನೋಂದಣಿಯವರು ಒಪ್ಪಿದರೆ ಉಳಿಸಿಕೊಳ್ಳಲಿ. ಪಾಸ್‌ಪೋರ್ಟಿನಲ್ಲಿ ಯಂತ್ರ ಓದುವ ಸಾಲಿಗೆ ಅದು ಹೇಗೂ ಬಾರದು.

ಶಾಲೆಯಲ್ಲಿ ಹುಡುಗಿ ಆಗಾಗ ತಿದ್ದಬೇಕಾದೀತು, ನಿಜ. ಅಪ್ಪನ ಊರಿನವರು ಒಮ್ಮೆಲೇ ಗುರುತಿಸುವ ಹೆಸರಿಗೆ ಅಷ್ಟು ಕಷ್ಟ ಹೆಚ್ಚೇನಲ್ಲ. ನಿಮ್ಮ ಕಾಗದದಲ್ಲಿ ಮಾತ್ರ ಇಂಗ್ಲಿಷ್ ಕೈಬಿಟ್ಟು ಕನ್ನಡದಲ್ಲೇ ‘ಶಿವಾನ್’ ಎಂದು ಹಾಕಿಸಿ. ಕರಡನ್ನು ಇನ್ನೊಮ್ಮೆ ನೋಡಿಯೇ ಅಚ್ಚಿಗೆ ಬಿಡಿ.