ಆರ್ ಮೈನಸ್ ಬಂದ್ರೆ ಚುಕ್ಕಿ ಎಲ್ಲಿಡೋದು? ಪೋಲಾರ್ ಗ್ರಾಫ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೀವಿ, ಮಗಳು ಹೈಸ್ಕೂಲಲ್ಲಿ ಎಪಿ ಪ್ರಿಕ್ಯಾಲ್ಕುಲಸ್ (ಕಾಲೇಜು ಮಟ್ಟದ ಗಣಿತ ಕೋರ್ಸ್) ತಗೊಂಡಿದ್ದಾಳೆ, 3ನೇ ಯೂನಿಟ್‌ನಲ್ಲಿ ಪೋಲಾರ್ ಗ್ರಾಫ್ ಇದೆ (ಮಧ್ಯದ ಬಿಂದುವಿನಿಂದ ಇರೋ ದೂರ ಆರ್, ಬಲಗಡೆ ಗೆರೆಯಿಂದ ತಿರುಗಿದ ಕೋನ ಥೀಟಾ, ಇವೆರಡನ್ನ ಇಟ್ಕೊಂಡು ಬಿಡಿಸೋ ಚಿತ್ರ). ಹೂವಿನ ಥರ ಬರೋ ಗ್ರಾಫ್‌ಗಳಲ್ಲಿ ಆರ್ = ಕಾಸ್ 2 ಥೀಟಾಗೆ 4 ದಳ, ಕಾಸ್ 3 ಥೀಟಾಗೆ 3 ದಳ ಅಂತ ಬಾಯಿಪಾಠ ಮಾಡ್ಕೊಂಡಿದ್ದಾಳೆ. ಯಾಕೆ ಹಾಗೆ ಅಂದ್ರೆ ಅವಳಿಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ. ಹೇಗೆ ಹೇಳಿಕೊಡ್ಲಿ?

ಉತ್ತರ: ರೂಲ್ ಸರಿಯಾಗೇ ಇದೆ, ಥೀಟಾ ಮುಂದಿರೋ ಸಂಖ್ಯೆ ಬೆಸ ಆದ್ರೆ ಅಷ್ಟೇ ದಳ, ಸಮ ಆದ್ರೆ ಎರಡರಷ್ಟು. ಆದ್ರೆ ಥೀಟಾ 45ರಿಂದ 90 ಡಿಗ್ರಿಗೆ ಹೋದಾಗ ಗ್ರಾಫ್‌ನ ಯಾವ ಭಾಗ ಬರುತ್ತೆ ಅಂತ ಕೇಳಿದ್ರೆ ಬಾಯಿಪಾಠ ಅಲ್ಲೇ ಕೈಕೊಡುತ್ತೆ. ಎಲ್ಲಾ ಗಂಟು ಇರೋದು ಆರ್ ಮೈನಸ್ ಆಗೋ ಜಾಗದಲ್ಲಿ. ಮಗಳಿಗೆ ಹೀಗೆ ಹೇಳಿ: ನಡುಮನೇಲಿ ನಿಂತ್ಕೋ, ಥೀಟಾ ಹೇಳಿದ ಕಡೆಗೆ ಮುಖ ಮಾಡು, ಆರ್ ಪ್ಲಸ್ ಇದ್ರೆ ಮುಂದಕ್ಕೆ ನಡಿ, ಮೈನಸ್ ಇದ್ರೆ ಮುಖ ತಿರುಗಿಸದೆ ಹಿಂದಕ್ಕೆ ನಡಿ.

ಈಗ ಆರ್ = ಕಾಸ್ 2 ಥೀಟಾ ತಗೊಳ್ಳಿ. 0 ಡಿಗ್ರಿಯಲ್ಲಿ ಆರ್ 1, ಚುಕ್ಕಿ ಬಲಕ್ಕೆ. 45ಕ್ಕೆ ಆರ್ ಸೊನ್ನೆ ಆಗಿ ಮಧ್ಯಕ್ಕೆ ಬಂತು. 90ಕ್ಕೆ ಆರ್ ಮೈನಸ್ 1, ಅಂದ್ರೆ ಮುಖ ಮೇಲಕ್ಕಿದೆ ಆದ್ರೆ ಹೆಜ್ಜೆ ಹಿಂದಕ್ಕೆ, ಹಾಗಾಗಿ ದಳ ಕೆಳಗಡೆ ಬರುತ್ತೆ. 180ಕ್ಕೆ ಮತ್ತೆ ಪ್ಲಸ್ 1, ಎಡಗಡೆ ದಳ. 270ಕ್ಕೆ ಮೈನಸ್, ದಳ ಮೇಲೆ. ನಾಲ್ಕೂ ಬೇರೆ ಬೇರೆ ಕಡೆ ಬಿದ್ವು.

ಕಾಸ್ 3 ಥೀಟಾದಲ್ಲಿ 0ಗೆ ಬಲಗಡೆ ದಳ, 60ಕ್ಕೆ ಆರ್ ಮೈನಸ್ 1 ಆಗಿರೋದ್ರಿಂದ ದಳ 240ರ ದಿಕ್ಕಿಗೆ, 120ಕ್ಕೆ 120ರಲ್ಲೇ. ಆಮೇಲೆ 180ಕ್ಕೆ ನೋಡಿ, ಆರ್ ಮತ್ತೆ ಮೈನಸ್ 1, ಮುಖ ಎಡಕ್ಕಿದೆ ಹಿಂದಕ್ಕೆ ನಡೆದ್ರೆ ಮೊದಲು ಇಟ್ಟ ಚುಕ್ಕಿ ಮೇಲೇ ಬರ್ತೀವಿ! ಅಲ್ಲಿಂದ 360ರ ತನಕ ಹಳೇ ಗೆರೆ ಮೇಲೇ ತಿದ್ದೋದು ಅಷ್ಟೇ, ಅದಕ್ಕೇ ಮೂರೇ ದಳ. 15 ಡಿಗ್ರಿಗೊಂದು ಗೆರೆ ಇರೋ ಪೋಲಾರ್ ಪೇಪರ್ ಪ್ರಿಂಟ್ ತೆಗೆದು, ಪ್ರತಿ ಚುಕ್ಕಿಗೂ 1, 2, 3 ಅಂತ ನಂಬರ್ ಹಾಕಿಸಿ. ನಂಬರ್ ಇಲ್ದೆ ಚುಕ್ಕಿ ಇಟ್ರೆ ಮಕ್ಕಳು ಯಾವುದಕ್ಕೆ ಯಾವುದನ್ನೋ ಸೇರಿಸಿಬಿಡ್ತಾರೆ.

ಪ್ರಶ್ನೆ: ನಾನು ಪಿಯು ಲೆಕ್ಚರರ್, ಶಿವಮೊಗ್ಗ ಕಡೆ. ನಮ್ಮ ಪಿಯುಸಿಯಲ್ಲಿ ಪೋಲಾರ್ ಕರ್ವ್ ಅಂತ ಬೇರೆ ಪಾಠ ಇಲ್ಲ, ಆದ್ರೆ ಇಂಜಿನಿಯರಿಂಗ್ ಸೇರಿದ ಹುಡುಗರು ವಿಟಿಯು ಮೊದಲ ವರ್ಷದಲ್ಲೇ ಇದರಲ್ಲಿ ಒದ್ದಾಡ್ತಾರೆ. ಎರಡು ಪೀರಿಯಡ್ ಸಿಕ್ರೆ ಏನು ಮಾಡಬಹುದು?

ಉತ್ತರ: ನೀವು ಕೇಳಿದ್ದು ಬಹಳ ಖುಷಿ ಆಯ್ತು ಸರ್, ಯಾಕಂದ್ರೆ ಅಲ್ಲಿ ಹುಡುಗರು ಟ್ಯಾನ್ ಫೈ ಸೂತ್ರ ಹಾಕಿ ಕೋನ ಕಂಡುಹಿಡೀತಾರೆ (ಫೈ ಅಂದ್ರೆ ಮಧ್ಯದಿಂದ ಚುಕ್ಕಿಗೆ ಎಳೆದ ಗೆರೆಗೂ ಅಲ್ಲಿನ ಸ್ಪರ್ಶಕಕ್ಕೂ ನಡುವಿನ ಕೋನ), ಪೆಡಲ್ ಸಮೀಕರಣನೂ (ಆರ್‌ಗೂ, ಮಧ್ಯದ ಬಿಂದುವಿನಿಂದ ಸ್ಪರ್ಶಕಕ್ಕಿರೋ ಲಂಬ ದೂರಕ್ಕೂ ಇರೋ ಸಂಬಂಧ) ಬರೀತಾರೆ, ಆದ್ರೆ ಆ ಕರ್ವ್ ಹೇಗಿದೆ ಅಂತ ಎಷ್ಟೋ ಜನ ಒಂದ್ಸಲನೂ ಬಿಡಿಸಿರಲ್ಲ. ಮೊದಲ ಪೀರಿಯಡ್‌ನಲ್ಲಿ ಆರ್ = 1 + 2 ಕಾಸ್ ಥೀಟಾ ಒಂದೇ ಮಾಡಿಸಿ. ಮೊದಲು ಮಾಮೂಲಿ ಗ್ರಾಫ್, ಅಡ್ಡಕ್ಕೆ ಥೀಟಾ, ಉದ್ದಕ್ಕೆ ಆರ್. ಅದು 120ರಿಂದ 240ರ ಮಧ್ಯೆ ಸೊನ್ನೆಗಿಂತ ಕೆಳಗೆ ಇಳಿಯೋದು ಕಣ್ಣಿಗೇ ಕಾಣುತ್ತೆ. ಆ ಇಳಿದ ಭಾಗನೇ ಪೋಲಾರ್ ಪೇಪರ್ ಮೇಲೆ ಒಳಗಿನ ಸಣ್ಣ ಕುಣಿಕೆ ಆಗುತ್ತೆ. 180ಕ್ಕೆ ಆರ್ ಮೈನಸ್ 1, ಚುಕ್ಕಿ ಬರೋದು ಬಲಗಡೆ 1ರಲ್ಲಿ, ಎಡಗಡೆ ಅಲ್ಲ.

ಎರಡನೇ ಪೀರಿಯಡ್ ಹೃದಯದ ಆಕಾರದ ಕಾರ್ಡಿಯಾಯ್ಡ್‌ಗೆ ಇಡಿ, ಆರ್ = ಎ (1 + ಕಾಸ್ ಥೀಟಾ). ಲೆಕ್ಕ ಮಾಡಿದ್ರೆ ಫೈ = 90 + ಥೀಟಾದ ಅರ್ಧ ಬರುತ್ತೆ. ಇಲ್ಲಿ ನಿಲ್ಲಿಸಿ ಚಿತ್ರ ತೋರಿಸಿ. ಥೀಟಾ 0 ಆದಾಗ ಫೈ 90, ಕರ್ವ್ ಅಕ್ಷನ ನೇರ ಲಂಬವಾಗಿ ದಾಟುತ್ತೆ. ಥೀಟಾ 180ರ ಹತ್ರ ಹೋದಂತೆ ಫೈನೂ 180ರ ಹತ್ರ, ಅಂದ್ರೆ ಸ್ಪರ್ಶಕ ಅಕ್ಷದ ಮೇಲೇ ಮಲಗಿಬಿಡುತ್ತೆ, ಮಧ್ಯದಲ್ಲಿ ಚೂಪು ತುದಿ ಬರೋದು ಅದಕ್ಕೇ. ಇದಾದ್ಮೇಲೆ ಆರ್ = ಬಿ (1 – ಕಾಸ್ ಥೀಟಾ) ಹಾಕಿ, ಅದರ ಫೈ ಬರೀ ಥೀಟಾದ ಅರ್ಧ, ಎರಡರ ವ್ಯತ್ಯಾಸ 90, ಆದ್ದರಿಂದ ಎರಡೂ ಲಂಬವಾಗಿ ಛೇದಿಸ್ತವೆ. ಪರೀಕ್ಷೆಗೆ ಬರೋ ಇದೇ ಲೆಕ್ಕನ ಚಿತ್ರದ ಪಕ್ಕದಲ್ಲಿ ಮಾಡಿದ ಹುಡುಗ ಮರೆಯಲ್ಲ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಪ್ರಶ್ನೆ: ಆರ್ = ಕಾಸ್ ಥೀಟಾ ಮತ್ತೆ ಆರ್ = 1 – ಕಾಸ್ ಥೀಟಾ ಎಲ್ಲೆಲ್ಲಿ ಸೇರ್ತವೆ? ನನಗೆ 60 ಮತ್ತೆ 300 ಡಿಗ್ರಿ ಎರಡೇ ಬಂತು, ಉತ್ತರದಲ್ಲಿ ಮೂರು ಬಿಂದು ಇದೆ.

ಉತ್ತರ: ಮೂರನೇದು ಧ್ರುವ, ಅಂದ್ರೆ ಮಧ್ಯದ ಬಿಂದು. ಮೊದಲನೇ ಕರ್ವ್ ಅಲ್ಲಿಗೆ 90 ಡಿಗ್ರಿಯಲ್ಲಿ ಬರುತ್ತೆ, ಎರಡನೇದು 0 ಡಿಗ್ರಿಯಲ್ಲಿ. ಒಂದೇ ಥೀಟಾಗೆ ಅಲ್ಲ, ಅದಕ್ಕೇ ಸಮೀಕರಣಕ್ಕೆ ಸಿಗಲ್ಲ. ಯಾವಾಗ್ಲೂ ಎರಡರಲ್ಲೂ ಆರ್ ಸೊನ್ನೆ ಆಗುತ್ತಾ ಅಂತ ಬೇರೆಯಾಗಿ ನೋಡಿ, ಜೊತೆಗೆ ಕೈಯಲ್ಲಿ ಒಂದು ಸ್ಕೆಚ್ ಹಾಕ್ಕೊಳ್ಳಿ.

ಪ್ರಶ್ನೆ: ಗ್ರಾಫ್ ಬಿಡಿಸೋ ಆ್ಯಪ್ ಡೆಸ್ಮಾಸ್‌ನಲ್ಲಿ ಒಂದು ಸೆಕೆಂಡಲ್ಲಿ ಗ್ರಾಫ್ ಬರುತ್ತೆ, ಕೈಯಲ್ಲಿ ಯಾಕೆ? ಮತ್ತೆ ಇದರಿಂದ ಉಪಯೋಗ ಏನು?

ಉತ್ತರ: ಡೆಸ್ಮಾಸ್ ಒಳ್ಳೇದೇ, ಜಿಯೋಜೀಬ್ರಾನೂ ಒಳ್ಳೇದೇ, ಆದ್ರೆ ಪೂರ್ತಿ ಚಿತ್ರ ಒಟ್ಟಿಗೆ ಬಂದುಬಿಟ್ರೆ ಗೆರೆ ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಯ್ತು ಅನ್ನೋದೇ ಗೊತ್ತಾಗಲ್ಲ. ಮೊದಲು ಕೈಯಲ್ಲಿ ಬಿಡಿಸಿ, ಆಮೇಲೆ ಥೀಟಾಗೆ 0ಯಿಂದ ಕೆ ತನಕ ಅಂತ ಮಿತಿ ಹಾಕಿ ಕೆ ಸ್ಲೈಡರ್ ಮೆಲ್ಲಗೆ ಎಳೆದು ತಾಳೆ ನೋಡಿ. ಮೂರು ದಳದ್ದು ಕೆ ಪೈಗೆ (ಅಂದ್ರೆ 180 ಡಿಗ್ರಿಗೆ) ಬಂದ ತಕ್ಷಣ ಮುಗಿಯೋದು ಆಗ ಕಾಣುತ್ತೆ.

ಉಪಯೋಗ ಬೇಕಂದ್ರೆ ಸ್ಟೇಜ್ ಮೇಲೆ ಹಾಡೋರು ಹಿಡಿಯೋ ಮೈಕ್ ನೋಡಿ. ಅದರಲ್ಲಿ ಬಹಳಷ್ಟು ಕಾರ್ಡಿಯಾಯ್ಡ್ ಮೈಕ್‌ಗಳೇ, ಯಾವ ಕಡೆಯ ಶಬ್ದ ಎಷ್ಟು ಹಿಡಿಯುತ್ತೆ ಅನ್ನೋ ಪೋಲಾರ್ ಗ್ರಾಫ್ ಅದರ ಡಬ್ಬದ ಕಾಗದದಲ್ಲೇ ಸಾಮಾನ್ಯವಾಗಿ ಇರುತ್ತೆ. 1 + ಕಾಸ್ ಥೀಟಾದಲ್ಲಿ ಮುಂದೆ 2, ಪಕ್ಕಕ್ಕೆ 90ರಲ್ಲಿ 1, ಹಿಂದೆ 180ರಲ್ಲಿ ಸೊನ್ನೆ. ಪಕ್ಕದಲ್ಲಿ ಅರ್ಧ ಅಂದ್ರೆ ಸುಮಾರು 6 ಡೆಸಿಬಲ್ ಕಮ್ಮಿ, ಹಿಂದಿನ ಶಬ್ದ ಆದಷ್ಟು ಕಟ್. ಗಾಯಕರ ಕಡೆಗೆ ತಿರುಗಿಸಿದ ಸ್ಪೀಕರನ್ನ ಮೈಕ್‌ನ ಹಿಂಬದಿಗೆ ಇಡೋದೂ ಇದಕ್ಕೇ, ಇಲ್ಲಾಂದ್ರೆ ಕುಯ್ಯ್ ಅಂತ ಕೂಗುತ್ತೆ.