ಬಿಸಿಲನ್ನು ತಾರಸಿಯ ಮೇಲೆಯೇ ತಡೆಯಿರಿ

ಪ್ರಶ್ನೆ: ಮದ್ದೂರಿನ ಹತ್ತಿರ ನಮ್ಮ ಮನೆ. ಮೇಲಿನ ಕೋಣೆಯಲ್ಲಿ ಬೇಸಿಗೆ ರಾತ್ರಿ ಮಲಗೋಕೆ ಆಗಲ್ಲ. ಎಸಿ ಹಾಕಿಸಿದ ಮೇಲೆ ಕರೆಂಟ್ ಬಿಲ್ ಜಾಸ್ತಿ ಆಗಿದೆ. ಸೀಲಿಂಗ್‌ಗೆ ಒಳಗಿನಿಂದ ಥರ್ಮಾಕೋಲ್ ಅಂಟಿಸಿ ಅಂತಾರೆ. ಅಂಟಿಸಬಹುದಾ?

ಉತ್ತರ: ದಯವಿಟ್ಟು ಬೇಡ. ಥರ್ಮಾಕೋಲ್ ಬಿಸಿ ತಡೆಯುತ್ತದೆ, ನಿಜ. ಆದರೆ ಬೆಂಕಿ ತಗುಲಿದರೆ ಕರಗಿ ಉರಿಯುತ್ತದೆ, ಕಪ್ಪು ಹೊಗೆ ತುಂಬಿಕೊಳ್ಳುತ್ತದೆ. ಜನ ಮಲಗುವ ಕೋಣೆಗೆ ಅದನ್ನು ಬರಿದಾಗಿ ಅಂಟಿಸಲು ನಾನು ಒಪ್ಪುವುದಿಲ್ಲ. ಅಲ್ಲದೆ ಮೇಲೆ ತಾರಸಿ ಕಾಯುತ್ತಲೇ ಇರುತ್ತದೆ, ಬಿರುಕು ಬಿಡುವುದೂ ನಿಲ್ಲುವುದಿಲ್ಲ.

ರಾತ್ರಿ ಊಟ ಆದ ಮೇಲೆ ಫ್ಯಾನ್ ಆಫ್ ಮಾಡಿ, ಸ್ಟೂಲ್ ಹತ್ತಿ ಸೀಲಿಂಗ್‌ಗೆ ಅಂಗೈ ಇಟ್ಟು ನೋಡಿ. ಇನ್ನೂ ಬಿಸಿ ಇರುತ್ತದೆ. ನಾಲ್ಕೈದು ಇಂಚಿನ ಆರ್‌ಸಿಸಿ ಹಗಲೆಲ್ಲಾ ಕುಡಿದ ಬಿಸಿಲನ್ನು ಕತ್ತಲಾದ ಮೇಲೆ ಕೋಣೆಗೆ ಇಳಿಸುತ್ತದೆ. ನಿಮ್ಮ ಎಸಿ ರಾತ್ರಿಯಿಡೀ ಗುದ್ದಾಡುವುದು ಆ ಕಾಂಕ್ರೀಟ್ ಜೊತೆಗೇ.

ಮೊದಲು ಸುಣ್ಣದಿಂದ ಶುರು ಮಾಡಿ. ಸಂಕ್ರಾಂತಿ ಕಳೆದ ಮೇಲೆ, ಮಳೆ ಇಲ್ಲದ ದಿನ ನೋಡಿ. ತಾರಸಿ ಉಜ್ಜಿ ತೊಳೆದು, ಬಿರುಕು ಮುಚ್ಚಿಸಿ. ಸುಣ್ಣವನ್ನು ರಾತ್ರಿಯೇ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಫೆವಿಕಾಲ್ ಬೆರೆಸಿ. ತಾರಸಿ ಒದ್ದೆ ಮಾಡಿಕೊಂಡು ಎರಡು ಕೋಟ್ ಬಳಿಯಿರಿ. ಕಣ್ಣಿಗೆ ಸಿಡಿಯದಂತೆ ಹುಷಾರು. ನಂಬಿಕೆ ಬರದಿದ್ದರೆ ಮೊದಲು ಅರ್ಧ ತಾರಸಿಗೆ ಮಾತ್ರ ಬಳಿದು, ಮಧ್ಯಾಹ್ನ ಎರಡು ಗಂಟೆಗೆ ಎರಡೂ ಕಡೆ ಕೈಯಿಟ್ಟು ನೋಡಿ. ಬೇರೆ ಸಾಕ್ಷಿ ಬೇಕಾಗಿಲ್ಲ.

ನಿಮ್ಮ ಕಡೆ ಆಲೆಮನೆಗಳು ಜಾಸ್ತಿ ಅಲ್ವಾ? ಮಸಿ, ಧೂಳು ಕೂತರೆ ಬಿಳಿ ಬಣ್ಣ ಕೆಲಸ ಮಾಡುವುದಿಲ್ಲ. ಆಗಾಗ ತೊಳೆಯಬೇಕು, ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಕಬ್ಬಿನ ಸೋಗೆ ಹರಡುವವರೂ ಇದ್ದಾರೆ. ಒಂದು ಕಿಡಿ ಸಾಕು, ಆ ಕಡೆ ಹೋಗಲೇಬೇಡಿ.

ದುಡ್ಡು ಹೊಂದಿದಾಗ ತಾರಸಿ ಮೇಲೆ ಎಕ್ಸ್‌ಪಿಎಸ್ ಬೋರ್ಡ್ (ಬಿಸಿ ತಡೆಯುವ ಗಟ್ಟಿ ಫೋಮ್ ಹಲಗೆ) ಹಾಕಿಸಿ. ಮೊದಲು ವಾಟರ್‌ಪ್ರೂಫಿಂಗ್, ಅದರ ಮೇಲೆ ಬೋರ್ಡ್, ಅದರ ಮೇಲೆ ನೀರು ಹರಿಯುವ ಇಳಿಜಾರಿನ ಸ್ಕ್ರೀಡ್ (ಸಿಮೆಂಟ್ ಗಾರೆಯ ಪದರ), ಕೊನೆಗೆ ಬಿಳಿ ಟೈಲ್ಸ್. ಸೂರಿನ ಯು-ಮೌಲ್ಯ, ಅಂದರೆ ಅದರ ಮೂಲಕ ಬಿಸಿ ಎಷ್ಟು ದಾಟುತ್ತದೆ ಎನ್ನುವ ಅಳತೆ, 1.2 ಮೀರಬಾರದು ಎನ್ನುತ್ತದೆ ಮನೆಗಳಲ್ಲಿ ಇಂಧನ ಉಳಿಸಲು ಕೇಂದ್ರ ತಂದ 2018ರ ಇಕೋ ನಿವಾಸ್ ಸಂಹಿತೆ. ಆ ಸಂಖ್ಯೆ ಕಡಿಮೆ ಇದ್ದಷ್ಟೂ ಕೋಣೆಗೆ ಬಿಸಿ ಇಳಿಯುವುದು ಕಡಿಮೆ. ಬರೀ ಆರ್‌ಸಿಸಿಯದು 3ರ ಮೇಲಿರುತ್ತದೆ. ಒಂದು ಇಂಚಿನ ಬೋರ್ಡ್ ಹಾಕಿದರೆ 1ರ ಆಸುಪಾಸಿಗೆ ಬರುತ್ತದೆ. ಎರಡು ಇಂಚು ಹಾಕಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಮೈಸೂರಿನ ಅಗ್ರಹಾರದಲ್ಲಿ ನಮ್ಮದು ಹಳೇ ಹೆಂಚಿನ ಮನೆ. ಬೇಸಿಗೆಯಲ್ಲಿ ಅಟ್ಟ ಒಲೆಯಂತೆ ಕಾಯುತ್ತದೆ. ಏನು ಮಾಡಲಿ?

ಉತ್ತರ: ಹೆಂಚು ಕಿತ್ತು ಸ್ಲ್ಯಾಬ್ ಹಾಕಿಸಬೇಡಿ. ಹೆಂಚಿನ ಕೆಳಗೆ ಪಕಾಸಿಗಳಿಗೆ ಅಲ್ಯೂಮಿನಿಯಂ ಫಾಯಿಲ್ ಹೊಡೆಸಿ. ಹೊಳೆಯುವ ಮುಖ ಕೆಳಕ್ಕೆ ಇರಲಿ, ಮೇಲ್ಮುಖ ಆದರೆ ಧೂಳು ಕೂತು ಉಪಯೋಗ ಕಡಿಮೆಯಾಗುತ್ತದೆ. ಫಾಯಿಲ್‌ಗೂ ಹೆಂಚಿಗೂ ಮಧ್ಯೆ ಒಂದಿಂಚಾದರೂ ಸಂದು ಬಿಡಿ. ಅಟ್ಟದ ಎರಡೂ ಕೊನೆಯ ಗೋಡೆಗಳಲ್ಲಿ ಗಾಳಿಕಿಂಡಿ ಇದ್ದರೆ, ಇಲಿ ಬರುತ್ತದೆ ಅಂತ ಇಟ್ಟಿಗೆ ಇಟ್ಟು ಮುಚ್ಚಬೇಡಿ. ತಂತಿ ಜಾಲರಿ ಹೊಡೆಸಿ.