‘ನಾನು ಹೇಳಿದ್ದು ಸರಿ ಇತ್ತಾ, ಮಿಸ್?’

ಪ್ರೌಢಶಾಲೆಗಳಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕರು ಸಲಹೆ ಕೇಳಲು ನನ್ನ ಬಳಿ ಬಂದಾಗ ಮೊದಲು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಇದನ್ನು ಬಿಟ್ಟು ಸಾಮಾನ್ಯ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದಲೇ? ಗೌರವಧನ ಸಾಲದು, ಗುತ್ತಿಗೆ ಯಾವಾಗ ಮುಗಿಯುವುದೋ ತಿಳಿಯದು, ಯಾವ ಶಾಲೆಯೂ ತಮ್ಮದಲ್ಲ ಎಂದು ಅವರು ಹೇಳುವ ಕಾರಣಗಳೆಲ್ಲ ನಿಜವೇ. ಆದರೂ ಆ ಕಾರಣಗಳ ಅಡಿಯಲ್ಲಿ ಹೇಳಿಕೊಳ್ಳಲಾಗದ ಇನ್ನೊಂದು ಇರುತ್ತದೆಯೆಂಬುದನ್ನು ನಾನು ಕಲಿತದ್ದು ಈ ಪ್ರಕರಣದಿಂದ. ಸಂಬಂಧಪಟ್ಟ ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಇದು 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬರುವುದಕ್ಕೆ ಮುಂಚಿನ ಸಂಗತಿ.

ಮೂವತ್ತರ ಆಸುಪಾಸಿನ ಆ ಶಿಕ್ಷಕಿ ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಮಾಡಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಪಡೆದು, ಒಂದು ತಾಲ್ಲೂಕಿನ ಹಲವು ಪ್ರೌಢಶಾಲೆಗಳಿಗೆ ಸಂಪನ್ಮೂಲ ಶಿಕ್ಷಕಿಯಾಗಿ ಹೋಗುತ್ತಿದ್ದರು. ಮೊದಲ ಎರಡು ಭೇಟಿಗಳು ಸಂಬಳ ಮತ್ತು ಭವಿಷ್ಯದ ಲೆಕ್ಕಾಚಾರದಲ್ಲೇ ಕಳೆದವು. ಮೂರನೆಯ ಭೇಟಿಗೆ ಅವರು ರಾಜೀನಾಮೆ ಪತ್ರವನ್ನು ಬರೆದುಕೊಂಡೇ ಬಂದಿದ್ದರು. ‘ಇದನ್ನು ಯಾರ ಮುಖ ನೆನೆದು ಬರೆದಿರಿ?’ ಎಂದು ಕೇಳಿದೆ. ಮುಖ್ಯೋಪಾಧ್ಯಾಯರ ಹೆಸರು ಬರಬಹುದೆಂದುಕೊಂಡಿದ್ದೆ. ಅವರು ಹೇಳಿದ್ದು ಒಬ್ಬ ವಿದ್ಯಾರ್ಥಿಯ ಹೆಸರನ್ನು.

ಆ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಸ್ನಾಯುಗಳ ಹಿಡಿತ ತಪ್ಪಿಸುವ ಮಿದುಳಿನ ತೊಂದರೆ. ಬೆರಳುಗಳಲ್ಲಿ ಪೆನ್ನು ನಿಲ್ಲದು. ಮಾತು ನಿಧಾನ, ಹೊಸಬರಿಗೆ ಅರ್ಥವಾಗಲು ಹೊತ್ತು ಬೇಕು. ಪರೀಕ್ಷೆಗೆ ಲಿಪಿಕಾರನ, ಅಂದರೆ ಮಗು ಹೇಳಿದ್ದನ್ನು ಬರೆದುಕೊಡುವವನ, ಸೌಲಭ್ಯವಿದೆ ಎಂದಮಾತ್ರಕ್ಕೆ ಅಂಥ ಮಗುವಿಗೆ ಉತ್ತರ ಬರೆಸಲು ಬರುವುದಿಲ್ಲ, ಅದನ್ನು ಕಲಿಸಬೇಕಾಗುತ್ತದೆ. ಉದ್ದದ ಉತ್ತರವನ್ನು ತುಂಡು ಮಾಡಿ ಹೇಳುವುದು, ಬರೆಯುವವನ ಕೈ ನಿಲ್ಲುವವರೆಗೆ ಕಾಯುವುದು, ಬರೆದದ್ದನ್ನು ಓದಿಸಿ ಕೇಳುವುದು, ತಪ್ಪಿದ್ದರೆ ‘ಹೊಡೆದುಹಾಕು’ ಎನ್ನುವ ಧೈರ್ಯ ತಂದುಕೊಳ್ಳುವುದು, ಇಷ್ಟನ್ನೂ ಆಕೆ ಎರಡು ವರ್ಷ, ಶನಿವಾರ ಶಾಲೆ ಬಿಟ್ಟ ಮೇಲೆ, ಕೆಳತರಗತಿಯ ಒಬ್ಬ ಹುಡುಗನನ್ನು ಜತೆಗೆ ಕೂರಿಸಿಕೊಂಡು ಕಲಿಸಿದ್ದರು. (ನಾನು ಕಂಡಂತೆ ವಿಶೇಷ ಶಿಕ್ಷಕರ ನಿಜವಾದ ಕಸುಬು ಇಂಥ ಕಡೆ ಇದೆ, ತುಂಬಿದ ವಹಿಗಳಲ್ಲಿ ಅದು ಕಾಣುವುದಿಲ್ಲ.) ಪರೀಕ್ಷೆಯ ದಿನ ಅದೇ ಹುಡುಗ ಲಿಪಿಕಾರನಾಗಿ ಕುಳಿತ. ಆದರೆ ಶಾಲೆಯ ಫಲಿತಾಂಶದ ಚಿಂತೆಯಲ್ಲಿ ಹಿರಿಯರು ತಮ್ಮೊಳಗೆ ಮಾತಾಡಿಕೊಂಡಿದ್ದರಿಂದ, ಕೊಠಡಿ ಮೇಲ್ವಿಚಾರಕರೇ ಉತ್ತರ ಹೇಳಿದರು, ಅವನು ಅದನ್ನು ಬರೆದ. ಮೊದಲ ದಿನದ ಸಂಜೆಯೇ ಆಕೆಗೆ ವಿಷಯ ತಿಳಿಯಿತು. ಉಳಿದ ಐದು ಪತ್ರಿಕೆಗಳಿಗೂ ಸುಮ್ಮನಿದ್ದರು.

ಪ್ರಥಮ ದರ್ಜೆ ಬಂತು, ಸಿಹಿ ಹಂಚಿದರು. ಕೆಲವು ದಿನಗಳ ಮೇಲೆ ಹುಡುಗ ಅಂಕಪಟ್ಟಿ ಹಿಡಿದ ಅಕ್ಕನೊಡನೆ ಬಂದು ಕೇಳಿದನಂತೆ: ‘ಮಿಸ್, ನಾನು ಹೇಳಿದ್ದನ್ನ ಅವನು ಬರೀಲೇ ಇಲ್ಲ. ಸರ್ ಹೇಳಿದ್ದು ಬರೆದ. ನಾನು ಹೇಳಿದ್ದು ಸರಿ ಇತ್ತಾ?’

‘ಎಲ್ಲಾ ಸರಿ ಇತ್ತು ಕಣೋ ಅಂದುಬಿಟ್ಟೆ ಮೇಡಂ’ ಎಂದರು ಆಕೆ. ಆಮೇಲೆ ತುಂಬ ಹೊತ್ತು ಮೇಜಿನ ಮೇಲಿನ ಪತ್ರವನ್ನೇ ಮಡಿಸುತ್ತ, ಬಿಚ್ಚುತ್ತ ಕುಳಿತಿದ್ದರು. ‘ಅದಕ್ಕೆ ಅವನು, ನಿಮಗೆ ಹೇಗೆ ಗೊತ್ತು ಮಿಸ್, ನೀವು ಒಳಗಿರಲಿಲ್ಲವಲ್ಲ ಅಂದ.’

ನಾನೂ ಕೂಡಲೇ ಏನೂ ಹೇಳಲಿಲ್ಲ. ನಿನ್ನ ಮಾತನ್ನು ನೀನು ಹೇಳಿದಂತೆಯೇ ಬರೆಯಬೇಕು ಎಂದು ಎರಡು ವರ್ಷ ಕಲಿಸಿದವರು, ಬರೆಯದಿದ್ದರೂ ನಡೆಯುತ್ತದೆ ಎಂಬುದನ್ನು ಆರು ಪತ್ರಿಕೆಗಳ ಮೌನದಲ್ಲಿ ಕಲಿಸಿಬಿಟ್ಟಿದ್ದರು. ಮೇಲಾಗಿ ಆ ಮಗು ಪ್ರಾಮಾಣಿಕವಾಗಿ ಕೇಳಿದ ಪ್ರಶ್ನೆಗೆ ಗೊತ್ತಿಲ್ಲದ ಉತ್ತರ ಕೊಟ್ಟಿದ್ದರು. ರಾಜೀನಾಮೆ ಅವರು ತಮಗೇ ವಿಧಿಸಿಕೊಳ್ಳಲು ಹೊರಟಿದ್ದ ದಂಡನೆಯಾಗಿತ್ತು.

‘ಪ್ರಶ್ನೆಪತ್ರಿಕೆಗಳಿವೆಯೇ?’ ಎಂದು ಕೇಳಿದೆ. ‘ಆರೂ ಇವೆ ಮೇಡಂ.’

ನಾನು ಕೊಟ್ಟ ಸಲಹೆ ಇಷ್ಟು. ಅವನ ಮನೆಗೆ ಹೋಗಿ, ಗೊತ್ತಿದ್ದೂ ಸುಮ್ಮನಿದ್ದುದನ್ನೂ ಗೊತ್ತಿಲ್ಲದೆ ‘ಸರಿ ಇತ್ತು’ ಎಂದುದನ್ನೂ ಮೊದಲು ಹೇಳಬೇಕು. ಅವನು ಒಪ್ಪಿದರೆ ಸಮಾಜ ವಿಜ್ಞಾನದ ಪತ್ರಿಕೆಯನ್ನು ಮುಂದಿಟ್ಟುಕೊಂಡು ತಾವೇ ಲಿಪಿಕಾರರಾಗಿ, ತಪ್ಪೂ ಸೇರಿದಂತೆ ಅವನು ಹೇಳಿದ್ದನ್ನಷ್ಟೇ ಬರೆಯಬೇಕು. 2018ರ ಕೇಂದ್ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಪೂರಕ ಸಮಯ ಕೊಡಬೇಕೆನ್ನುತ್ತಿತ್ತು. ಮೂರು ಗಂಟೆಗೆ ಸೇರುವ ಆ ಒಂದು ಗಂಟೆಯನ್ನೂ ಅವನಿಗೆ ಕೊಡಬೇಕು. ಬಳಿಕ ಹೆಸರು ತಿಳಿಸದೆ ಬೇರೆ ಊರಿನ ವಿಷಯ ಶಿಕ್ಷಕರೊಬ್ಬರಿಂದ ಮೌಲ್ಯಮಾಪನ ಮಾಡಿಸಬೇಕು. ರಾಜೀನಾಮೆ ಪತ್ರ ಮೂರು ತಿಂಗಳು ನನ್ನ ಕಪಾಟಿನಲ್ಲಿರಲಿ ಎಂದೆ.

ಅಕ್ರಮವನ್ನು ಮೇಲಿನವರಿಗೆ ತಿಳಿಸಲು ಏಕೆ ಹೇಳಲಿಲ್ಲವೆಂದು ಸಹೋದ್ಯೋಗಿಗಳು ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದಾರೆ. ದೂರಿನ ದಾರಿಯನ್ನು ನಾನು ಮುಚ್ಚಿಡಲಿಲ್ಲ. ಅದರ ಪರಿಣಾಮಗಳನ್ನೂ ವಿವರಿಸಿದ್ದೆ. ಆದರೆ ದೂರು ಕೊಟ್ಟರೆ ಮೊದಲು ತೂಗುಗತ್ತಿಯ ಕೆಳಗೆ ಬರುವುದು ಆ ಹುಡುಗನ ಫಲಿತಾಂಶ ಮತ್ತು ಪಿಯು ಪ್ರವೇಶ. ಪರೀಕ್ಷೆಯಲ್ಲಿ ಅವನನ್ನು ಕೇಳದೆ ಅವನ ಪರವಾಗಿ ಬರೆದದ್ದು ತಪ್ಪಾದರೆ, ಅವನನ್ನು ಕೇಳದೆ ಅವನ ಪರವಾಗಿ ದೂರು ಬರೆಯುವುದೂ ಅದೇ ತಪ್ಪು ಎಂದು ನನಗೆ ತೋರಿತು. ಈ ಸಮರ್ಥನೆಯಿಂದ ನನಗೇ ಪೂರ್ಣ ಸಮಾಧಾನವಿಲ್ಲ. ತಿಂಗಳುಗಳ ನಂತರ ಹೇಳಿದ ಉತ್ತರ ಅಂದಿನ ಉತ್ತರವಾಗದು ಎಂಬ ಇನ್ನೊಂದು ಆಕ್ಷೇಪವನ್ನೂ ಒಪ್ಪುತ್ತೇನೆ. ಆದರೂ ‘ಗೊತ್ತಿಲ್ಲ, ಬಾ ನೋಡೋಣ’ ಎನ್ನುವ ಉತ್ತರವಾದರೂ ಅವನಿಗೆ ಸಲ್ಲಬೇಕಿತ್ತು.

ವೃತ್ತಿಯ ಪ್ರಶ್ನೆಗೆ ನನ್ನ ಉತ್ತರ ಸರಳವಾಗಿತ್ತು. ಬಿಡುವುದು ತಪ್ಪಲ್ಲ, ವಿಶೇಷ ಶಿಕ್ಷಕರನ್ನು ‘ಪುಣ್ಯದ ಕೆಲಸ’ ಎಂಬ ಮಾತಿನಿಂದ ಕಟ್ಟಿಹಾಕುವುದನ್ನು ನಾನು ಎಂದೂ ಒಪ್ಪಿಲ್ಲ. ಪ್ರೌಢ ಹಂತದಲ್ಲಿ ವಿಶೇಷ ಅಗತ್ಯವುಳ್ಳ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರ ಅಕ್ಟೋಬರ್‌ನಲ್ಲಿ ಹೇಳಿದ್ದರಿಂದ ಕಾಯಂ ಹುದ್ದೆಗಳ ನಿರೀಕ್ಷೆಗೆ ಆಧಾರವಿತ್ತು. ಹುದ್ದೆಗಳನ್ನು ಅಧಿಸೂಚಿಸುವಂತೆ ರಾಜ್ಯಗಳಿಗೆ ಆದೇಶ ಬಂದದ್ದು 2025ರ ಮಾರ್ಚ್‌ನಲ್ಲಿ, ಅಷ್ಟು ಕಾಯಿರಿ ಎಂದು ಯಾರಿಗೆ ಹೇಳಲಾದೀತು? ಯಾವ ಪರೀಕ್ಷೆಗೆ ಓದಿದರೂ ಪುನರ್ವಸತಿ ಪರಿಷತ್ತಿನ ನೋಂದಣಿಯ ನವೀಕರಣ ತಪ್ಪಿಸಬೇಡಿ, ಅಪರಾಧಪ್ರಜ್ಞೆ ಹಸಿಯಾಗಿರುವಾಗ ಸಹಿ ಹಾಕಬೇಡಿ ಎಂದಷ್ಟೇ ಹೇಳಿದೆ.

ಇದನ್ನು ಓದುವ ವಿಶೇಷ ಶಿಕ್ಷಕರಿಗೂ ಪೋಷಕರಿಗೂ ಒಂದು ವಿನಂತಿ. ಪ್ರತಿ ಪತ್ರಿಕೆ ಮುಗಿದ ಸಂಜೆ, ‘ಪೇಪರ್ ಹೇಗಿತ್ತು?’ ಎಂದು ಕೇಳುವ ಮುನ್ನ ‘ನೀನು ಹೇಳಿದ್ದನ್ನು ಬರೆದರೇ?’ ಎಂದು ಮಗುವನ್ನು ಕೇಳಿ. ಇಲ್ಲವೆಂದರೆ ಮರುದಿನದ ಪತ್ರಿಕೆಗೆ ಮುಂಚೆಯೇ ಪರೀಕ್ಷಾ ಕೇಂದ್ರದ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಿ. ಲಿಪಿಕಾರನನ್ನು ಕೊಟ್ಟಿರುವುದು ಮಗುವಿನ ಹಕ್ಕೆಂದು. ಬೇರೆಯವರ ಉತ್ತರವನ್ನು ಅದರಲ್ಲಿ ತುಂಬಿದ ಕ್ಷಣ ಅದು ಭಿಕ್ಷೆಯಾಗುತ್ತದೆ, ಮತ್ತು ಮಗುವಿಗೆ ಅದು ತಿಳಿಯುತ್ತದೆ.

ಅಂಕಪಟ್ಟಿಯಲ್ಲಿ ಸಮಾಜ ವಿಜ್ಞಾನದ ಲಿಖಿತ ಪರೀಕ್ಷೆಗೆ 80ಕ್ಕೆ 61 ಇತ್ತು. ಎರಡು ಭಾನುವಾರ ಕುಳಿತು ಹೇಳಿದ ಅವನ ಸ್ವಂತ ಉತ್ತರಗಳಿಗೆ 44 ಬಂತು. ‘ಹಾಗಾದ್ರೆ ನಾನೇ ಪಾಸಾಗ್ತಿದ್ದೆ’ ಎಂದನಂತೆ. ಶಿಕ್ಷಕಿ ಮುಂದಿನ ವರ್ಷ ಕಪಾಟಿನ ಪತ್ರವನ್ನು ಕೇಳಿ ಪಡೆದು, ಹರಿದು, ಬೇರೆ ಕಾರಣ ನಮೂದಿಸಿ ಹೊಸದೊಂದನ್ನು ಬರೆದುಕೊಟ್ಟರು. ಈಗ ಬೇರೆ ಜಿಲ್ಲೆಯಲ್ಲಿ ಸಾಮಾನ್ಯ ಪ್ರೌಢಶಾಲಾ ಶಿಕ್ಷಕಿ. ಹುಡುಗ ದೂರು ಬೇಡವೆಂದ. ಪಿಯುಸಿ ಪರೀಕ್ಷೆಗೆ ಮಾತ್ರ ಲಿಪಿಕಾರನನ್ನು ತಾನೇ ಆರಿಸಿ ಕರೆದೊಯ್ಯುತ್ತೇನೆ, ಮಾರ್ಗಸೂಚಿಯಲ್ಲಿ ಅದಕ್ಕೆ ಅವಕಾಶವಿದೆ ಎಂದು ಕಾಲೇಜಿನಲ್ಲಿ ಹೇಳಿದನಂತೆ.